ಮೇಜಿನ ಅಡಿಯಲ್ಲಿರುವ ವಿದ್ಯೆ

ಊಟದ ಮೇಜನ್ನು ತಾನೇ ರೂಪಿಸಿ ಕಟ್ಟಲು ಹೊರಡುವ ವಿದ್ಯಾರ್ಥಿಯು ಮೊದಲು ಅಳತೆಗಳನ್ನು ಗೊತ್ತುಮಾಡುತ್ತಾನೆ: ಎತ್ತರ ಸುಮಾರು 30 ಅಂಗುಲ, ಒಬ್ಬೊಬ್ಬರಿಗೂ 24 ಅಂಗುಲದ ಸ್ಥಳ. ಬಳಿಕ ಕಾಲುಗಳಲ್ಲಿ ಗುಳಿ ತೋಡಿ, ಅಡ್ಡಪಟ್ಟಿಗಳ ತುದಿಯನ್ನು ಬಿಗಿಯಾಗಿ ಕೂರಿಸುತ್ತಾನೆ. ಮೇಲುಹಲಗೆಯನ್ನೂ ಹಾಗೆಯೇ ಬಿಗಿದನೋ, ಕೆಲಸ ಕೆಟ್ಟಿತು!

ಕಡಿದ ಮರವೂ ಮಳೆಗಾಲದಲ್ಲಿ ತೇವ ಹೀರಿ ಹಿಗ್ಗುತ್ತದೆ, ಬೇಸಗೆಯಲ್ಲಿ ಕುಗ್ಗುತ್ತದೆ. ಉದ್ದದಲ್ಲಿ ಈ ವ್ಯತ್ಯಾಸ ಅತ್ಯಲ್ಪ. ಅಗಲದಲ್ಲಿ ಮಾತ್ರ, 36 ಅಂಗುಲದ ತೇಗದ ಹಲಗೆ ಕಾಲು ಅಂಗುಲದಷ್ಟು ವ್ಯತ್ಯಾಸವಾಗಬಹುದು. ಎಡೆಯಿಲ್ಲದಿದ್ದರೆ ತಿಂಗಳುಗಳ ಶ್ರಮ ಒಂದೇ ಬೇಸಗೆಯಲ್ಲಿ ಬಿರಿಯುತ್ತದೆ. ಆದುದರಿಂದ ಅಡ್ಡಪಟ್ಟಿಯಲ್ಲಿ ಸ್ಕ್ರೂ ತೂರುವ ರಂಧ್ರಗಳನ್ನು ಹಲಗೆ ಹಿಗ್ಗುವ ದಿಕ್ಕಿಗೆ ಉದ್ದವಾಗಿ ಕೊರೆಯಬೇಕು.

ನಿಮ್ಮ ಮಕ್ಕಳು ಮೇಜು ಕಟ್ಟಿ ತಂದರೆ, ಮೇಲಿನ ಮೆರುಗನ್ನು ಮೆಚ್ಚುವ ಮೊದಲು ಬಗ್ಗಿ ಅಡಿಯನ್ನು ನೋಡಿರಿ. ಕಲಿತ ವಿದ್ಯೆ ಅಲ್ಲಿದೆ.