ಹಳೆ ಕಾರಿಗೆ ದೊಡ್ಡ ಎಂಜಿನ್ ಹಾಕಿಸಬೇಕೆ? ಶೆಡ್ಡಿಗೆ ಹೋಗುವ ಮುನ್ನ ಓದಿ

ಆದೋನಿ: ಕೌತಾಳಂ, ಹೊಳಗುಂದ, ಹಾಲಹರ್ವಿ, ಕೋಸಿಗಿ ಕಡೆಯ ಹಳ್ಳಿಗಳಲ್ಲಿ ಇಂದಿಗೂ ಮಾರುತಿ 800 ಓಡುತ್ತಿದೆ. ಅಲ್ಲೊಂದು ಇಲ್ಲೊಂದು ಅಂಬಾಸಿಡರ್ ಕೂಡ ಕಾಣಸಿಗುತ್ತದೆ. ಮಾರುತಿ 800 ತಯಾರಿಕೆ 2014ರ ಜನವರಿಯಲ್ಲಿ ನಿಂತಿತು, ಅಂಬಾಸಿಡರ್ ಅದೇ ವರ್ಷ ಮೇ ತಿಂಗಳಲ್ಲಿ ನಿಂತಿತು. ಆದರೂ ಶ್ರಾವಣದಲ್ಲಿ ಉರುಕುಂದಕ್ಕೆ, ಆರಾಧನೆಗೆ ಮಂತ್ರಾಲಯಕ್ಕೆ, ಆಸ್ಪತ್ರೆಗೆಂದು ಬಳ್ಳಾರಿಗೆ ಮನೆಮಂದಿಯನ್ನೆಲ್ಲ ಕರೆದೊಯ್ಯುವುದು ಇದೇ ಹಳೆ ಗಾಡಿ.

ಐದು ಜನ ಕೂತರೆ ಗಾಡಿ ಎಳೆಯುವುದಿಲ್ಲ, ಲಾರಿ ಹಿಂದಿಕ್ಕಲು ಆಗುವುದಿಲ್ಲ ಎಂಬ ದೂರು ಸಾಮಾನ್ಯ. ಆಗ ಯಾರೋ ಒಬ್ಬರು ಸಲಹೆ ಕೊಡುತ್ತಾರೆ: "ಝೆನ್ ಎಂಜಿನ್ ಇಳಿಸು, ಹಾರುತ್ತೆ." ಸಲಹೆ ಸುಲಭ, ಆದರೆ ಅದರ ಲೆಕ್ಕ ಶೆಡ್ಡಿನಲ್ಲಿಯೇ ಮುಗಿಯುವುದಿಲ್ಲ. ಸಾರಿಗೆ ಕಚೇರಿ, ವಿಮೆ, ಬ್ರೇಕು, ಕೊನೆಗೆ ಗಾಡಿಯಲ್ಲಿ ಕೂತವರ ಜೀವ ಎಲ್ಲವೂ ಆ ಲೆಕ್ಕದಲ್ಲಿ ಸೇರುತ್ತವೆ.

ಗಾಡಿಗೆ ಮೊದಲು ಎಷ್ಟು ಶಕ್ತಿ ಇತ್ತು?

ಇದು ಮೊದಲ ಪ್ರಶ್ನೆ. ಕಾರ್ಬುರೇಟರ್ ಇದ್ದ ಮಾರುತಿ 800ರ 796 ಸಿಸಿ ಎಂಜಿನ್ನಿಗೆ ಹೊಸದರಲ್ಲಿ ಇದ್ದದ್ದೇ 37 ಅಶ್ವಶಕ್ತಿಯ ಆಸುಪಾಸು. 2000ದಲ್ಲಿ ಬಂದ 5 ಗೇರು, 12 ವಾಲ್ವಿನ ಮಾದರಿಗೆ 45. ಝೆನ್ ಕಾರಿನ 993 ಸಿಸಿ ಎಂಜಿನ್ನಿಗೆ 50. ಅಂದರೆ ಹಳೆ 800ಕ್ಕೆ ಝೆನ್ ಎಂಜಿನ್ ಹಾಕಿದರೆ ಸಿಗುವ ಲಾಭ 13 ಅಶ್ವಶಕ್ತಿ. ಅದೂ ಆ ಝೆನ್ ಎಂಜಿನ್ ಹೊಸದಾಗಿದ್ದರೆ ಮಾತ್ರ. ಗುಜರಿಯಿಂದ ಬಂದ ಎಂಜಿನ್ ಎಷ್ಟು ಕಿಲೋಮೀಟರ್ ಓಡಿದೆ ಎಂದು ಹೇಳುವವರು ಯಾರು?

ಇನ್ನೊಂದು ಕಡೆ, ನಿಮ್ಮ ಹಳೆ ಎಂಜಿನ್ ತನ್ನ 37ರಲ್ಲಿ ಎಷ್ಟನ್ನು ಉಳಿಸಿಕೊಂಡಿದೆ? ಇಪ್ಪತ್ತು ವರ್ಷ ಓಡಿದ ಗಾಡಿಯಲ್ಲಿ ಶಕ್ತಿ ಹತ್ತಾರು ಕಡೆ ಸೋರಿ ಹೋಗಿರುತ್ತದೆ. ನಮ್ಮ ಕಡೆ ಮಣ್ಣುದಾರಿ ಧೂಳು ಹೆಚ್ಚು. ಏರ್ ಫಿಲ್ಟರ್ ಕಟ್ಟಿಕೊಂಡು ಎಂಜಿನ್ನಿಗೆ ಉಸಿರು ಸಿಗುವುದಿಲ್ಲ. ಹತ್ತಿ ಸೀಜನ್ನಿನಲ್ಲಿ ಆದೋನಿ ಮಾರ್ಕೆಟ್ ಯಾರ್ಡ್ ಸುತ್ತ ತಿರುಗುವ ಗಾಡಿಯ ರೇಡಿಯೇಟರ್ ಜಾಲರಿಗೆ ಹತ್ತಿ ಎಳೆ ಮೆತ್ತಿಕೊಂಡು ಎಂಜಿನ್ ಬಿಸಿಯೇರುತ್ತದೆ. ಕ್ಲಚ್ ಜಾರುತ್ತಿದ್ದರೆ ಎಂಜಿನ್ ಕೂಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ಬ್ರೇಕ್ ಹಿಡಿದುಕೊಂಡಿದ್ದರೆ, ಟೈರಿನಲ್ಲಿ ಗಾಳಿ ಕಡಿಮೆ ಇದ್ದರೆ, ಸೈಲೆನ್ಸರ್ ಕಟ್ಟಿದ್ದರೆ ಕೂಡ ಇದೇ ಕಥೆ. ಈ ಯಾವುದಕ್ಕೂ ಹೊಸ ಎಂಜಿನ್ ಮದ್ದಲ್ಲ.

ಒಂದು ಚಮಚ ಆಯಿಲ್ ಹೇಳುವ ಸತ್ಯ

ಎಂಜಿನ್ ನಿಜವಾಗಿ ಸವೆದಿದೆಯೇ ಎಂದು ತಿಳಿಯಲು ಕಂಪ್ರೆಷನ್ ಪರೀಕ್ಷೆ ಇದೆ. ಸ್ಪಾರ್ಕ್ ಪ್ಲಗ್ ಬಿಚ್ಚಿ, ಆ ಜಾಗದಲ್ಲಿ ಗೇಜ್ ಇಟ್ಟು, ಸ್ಟಾರ್ಟರ್ ತಿರುಗಿಸಿ, ಪ್ರತಿ ಸಿಲಿಂಡರಿನ ಒತ್ತಡ ನೋಡುತ್ತಾರೆ. ಮೂರೂ ಸಿಲಿಂಡರ್ ಹೆಚ್ಚುಕಮ್ಮಿ ಒಂದೇ ಸಮ ಇದ್ದು, ಕಂಪನಿ ಹೇಳಿದ ಮಟ್ಟದಲ್ಲಿದ್ದರೆ ಎಂಜಿನ್ ಚೆನ್ನಾಗಿದೆ, ರೋಗ ಬೇರೆ ಕಡೆ ಇದೆ ಎಂದರ್ಥ.

ಒಂದು ಸಿಲಿಂಡರ್ ಕಡಿಮೆ ತೋರಿಸಿದರೆ, ಪ್ಲಗ್ ತೂತಿನಿಂದ ಅದರೊಳಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಬೇಕು. ಒತ್ತಡ ಏರಿದರೆ ಪಿಸ್ಟನ್ ರಿಂಗ್ ಅಥವಾ ಸಿಲಿಂಡರ್ ಗೋಡೆ ಸವೆದಿದೆ. ಆಯಿಲ್ ಆ ಸಂದಿಯನ್ನು ಒಂದು ಗಳಿಗೆ ಮುಚ್ಚುತ್ತದೆ, ಅದಕ್ಕೇ ಒತ್ತಡ ಏರುತ್ತದೆ. ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ ಕಡೆ ನೋಡಬೇಕು. ಅರ್ಧ ಗಂಟೆಯ ಕೆಲಸ ಇದು. ಈ ಪರೀಕ್ಷೆ ಮಾಡದೆ "ಎಂಜಿನ್ ಹೋಗಿದೆ, ಬದಲಿಸಿ" ಎನ್ನುವ ಮೇಸ್ತ್ರಿಯ ಮಾತು ನಂಬಬೇಡಿ.

ರೀಬೋರ್ ಮಾಡಿಸಿದರೆ ಶಕ್ತಿ ಹೆಚ್ಚುತ್ತದೆಯೇ?

ಸವೆದ ಸಿಲಿಂಡರನ್ನು ಕೊರೆದು ದೊಡ್ಡ ಪಿಸ್ಟನ್ ಹಾಕುವುದೇ ರೀಬೋರ್. "ಬೋರ್ ಮಾಡಿಸಿದ್ದೇನೆ, ಪವರ್ ಜಾಸ್ತಿ ಆಗಿದೆ" ಎನ್ನುವವರು ಬಹಳ. ಲೆಕ್ಕ ಹಾಕಿ ನೋಡೋಣ. 800ರ ಬೋರ್ 68.5 ಮಿ.ಮೀ., ಸ್ಟ್ರೋಕ್ 72 ಮಿ.ಮೀ. ಅರ್ಧ ಮಿ.ಮೀ. ಕೊರೆದು 69 ಮಾಡಿದರೆ 796 ಸಿಸಿ ಹೋಗಿ 808 ಸಿಸಿ ಆಗುತ್ತದೆ. ಹೆಚ್ಚಿದ್ದು ನೂರಕ್ಕೆ ಒಂದೂವರೆ ಪಾಲು. 37 ಅಶ್ವಶಕ್ತಿಯಲ್ಲಿ ಅದು ಅರ್ಧ ಕುದುರೆ! ಗಾಡಿ ಜೋರಾಗಿ ಓಡುವುದು ದೊಡ್ಡ ಪಿಸ್ಟನ್ನಿನಿಂದಲ್ಲ, ಸೋರಿಕೆ ನಿಂತು ಹಳೆ ಶಕ್ತಿ ವಾಪಸ್ ಬಂದದ್ದರಿಂದ. ಹೆಚ್ಚಿನವರಿಗೆ ಬೇಕಾದದ್ದೂ ಅಷ್ಟೇ.

ಎತ್ತು ಏರಿಗೆ, ಕೋಣ ನೀರಿಗೆ

ದೊಡ್ಡ ಎಂಜಿನ್ ಇಳಿಸಿದರೆ ಉಳಿದ ಗಾಡಿ ಚಿಕ್ಕದಾಗಿಯೇ ಇರುತ್ತದೆ. ಗೇರ್‌ಬಾಕ್ಸ್, ಕ್ಲಚ್, ಆಕ್ಸಲ್, ಎಂಜಿನ್ ಮೌಂಟಿಂಗ್, ರೇಡಿಯೇಟರ್ ಎಲ್ಲವೂ ಹಳೆ ಶಕ್ತಿಗೆ ತಕ್ಕಂತೆ ಮಾಡಿದವು. ಕಂಪನಿಯವರೇ ದೊಡ್ಡ ಎಂಜಿನ್ ಹಾಕಿದಾಗ ಏನು ಮಾಡಿದರು ನೋಡಿ. 1990ರ ದಶಕದ ಮೊದಲಲ್ಲಿ ಹಿಂದೂಸ್ತಾನ್ ಮೋಟಾರ್ಸ್ ಅಂಬಾಸಿಡರ್‌ಗೆ ಇಸುಝು 1800 ಸಿಸಿ ಪೆಟ್ರೋಲ್ ಎಂಜಿನ್ ಕೂರಿಸಿತು. ಅದರೊಂದಿಗೆ ಸ್ಟೀರಿಂಗ್ ಬಳಿಯ 4 ಗೇರಿನ ಹಿಡಿ ಹೋಗಿ, ನೆಲದ ಮೇಲಿನ 5 ಗೇರಿನ ಹೊಸ ಗೇರ್‌ಬಾಕ್ಸ್ ಬಂತು. ಎಂಜಿನ್ ಒಂದನ್ನೇ ಬದಲಿಸಿ ಕಂಪನಿ ಕೈತೊಳೆದುಕೊಳ್ಳಲಿಲ್ಲ. ಶೆಡ್ಡಿನಲ್ಲಿ ನಡೆಯುವುದು ಹೆಚ್ಚಾಗಿ ಎಂಜಿನ್ ಬದಲಿ ಮಾತ್ರ.

ಬ್ರೇಕಿನ ವಿಷಯ ಇನ್ನೂ ಮುಖ್ಯ. ವೇಗ 60ರಿಂದ 80 ಕಿ.ಮೀ.ಗೆ ಏರಿದರೆ ಮೂರನೇ ಒಂದು ಪಾಲು ಹೆಚ್ಚಿದಂತೆ ಕಾಣುತ್ತದೆ. ಆದರೆ ಬ್ರೇಕ್ ತಡೆಯಬೇಕಾದ ಶಕ್ತಿ ವೇಗದ ವರ್ಗದಂತೆ ಏರುತ್ತದೆ, ಅಂದರೆ ಸುಮಾರು 1.8 ಪಟ್ಟು. ರಸ್ತೆಗೆ ಕುರಿಮಂದೆ ಅಡ್ಡ ಬಂದಾಗ ಎಂಜಿನ್ ಉಪಯೋಗಕ್ಕೆ ಬರುವುದಿಲ್ಲ, ಬ್ರೇಕ್ ಬರಬೇಕು.

ಕಾನೂನು ಏನು ಹೇಳುತ್ತದೆ?

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಕಂಪನಿ ಮೊದಲು ಕೊಟ್ಟ ವಿವರಕ್ಕೂ ಆರ್‌ಸಿಯಲ್ಲಿರುವ ವಿವರಕ್ಕೂ ವ್ಯತ್ಯಾಸವಾಗುವಂತೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದಿಂದ ಬಂದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಶಿಕ್ಷೆಯೂ ಸೇರಿತು: ನಿಯಮ ಮೀರಿ ಬದಲಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಅಥವಾ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಎರಡೂ.

ಅನುಮತಿ ಪಡೆದ ಕಿಟ್‌ನಿಂದ ಸಿಎನ್‌ಜಿ ಅಥವಾ ಬ್ಯಾಟರಿಗೆ ಬದಲಿಸಲು ಕಾಯ್ದೆಯಲ್ಲಿ ಅವಕಾಶವಿದೆ. ಆದರೆ ಸಿಎನ್‌ಜಿಯಿಂದ ಖರ್ಚು ಉಳಿಯುತ್ತದೆಯೇ ಹೊರತು ಶಕ್ತಿ ಸ್ವಲ್ಪ ಕಡಿಮೆಯೇ ಆಗುತ್ತದೆ. ಎಂಜಿನ್ ಪೂರ್ತಿ ಕೆಟ್ಟಿದ್ದರೆ ಅದೇ ಮಾದರಿಯ ಎಂಜಿನ್ ಹಾಕಿಸಿ. ಮೊದಲು ಸಾರಿಗೆ ಕಚೇರಿಯಲ್ಲಿ ವಿಚಾರಿಸಿ, ಬಿಲ್ ಇಟ್ಟುಕೊಂಡು, ಹೊಸ ಎಂಜಿನ್ ನಂಬರನ್ನು ಆರ್‌ಸಿಯಲ್ಲಿ ಬರೆಸಿಕೊಳ್ಳಿ.

ಬಿಲ್ ಇಲ್ಲದ ಎಂಜಿನ್ ಕದ್ದ ಗಾಡಿಯದ್ದೂ ಇರಬಹುದು. ತಪಾಸಣೆಯಲ್ಲಿ ನಂಬರ್ ತಾಳೆಯಾಗದಿದ್ದರೆ ಉತ್ತರ ಕೊಡಬೇಕಾದವರು ನೀವು, ಶೆಡ್ಡಿನವರಲ್ಲ. ಅಪಘಾತವಾದರೆ ವಿಮೆಯವರಿಗೂ ಕ್ಲೇಮು ತಳ್ಳಿಹಾಕಲು ಅದೇ ಕಾರಣ ಸಾಕು.

ಗಡಿಯವರಿಗೆ ಎರಡು ಮಾತು

ನಮ್ಮಲ್ಲಿ ಅನೇಕರ ಮನೆ ಆಂಧ್ರದಲ್ಲಿ, ಗಾಡಿ ನಂಬರ್ ಕರ್ನಾಟಕದ್ದು. ಒಂದು ರಾಜ್ಯದ ಗಾಡಿ ಇನ್ನೊಂದು ರಾಜ್ಯದಲ್ಲಿ 12 ತಿಂಗಳು ಮೀರಿ ಉಳಿದರೆ ಅಲ್ಲಿನ ಹೊಸ ನಂಬರ್ ಪಡೆಯಬೇಕು. ಆರ್‌ಸಿಯಲ್ಲಿ ಯಾವ ಬದಲಾವಣೆಗೆ ಹೋದರೂ ಈ ಹಳೆ ಬಾಕಿ ಮೊದಲು ಎದುರಿಗೆ ಬರುತ್ತದೆ. ಜೊತೆಗೆ 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣ ಶುಲ್ಕ 2022ರ ಏಪ್ರಿಲ್‌ನಲ್ಲಿ 600ರಿಂದ 5,000 ರೂಪಾಯಿಗೆ ಏರಿದೆ. 20 ವರ್ಷ ದಾಟಿದ ಕಾರಿಗೆ 2025ರಲ್ಲಿ ಅದು 10,000 ಆಯಿತು. ಎಂಜಿನ್ನಿಗೆ ಹಣ ಹಾಕುವ ಮೊದಲು ಆರ್‌ಸಿ ಅವಧಿ ಇನ್ನೆಷ್ಟಿದೆ ಎಂದು ನೋಡಿಕೊಳ್ಳಿ.

ಎರಡನೆಯದು ಪೆಟ್ರೋಲ್. ಲೀಟರಿಗೆ ನಾಲ್ಕು ಕಾಸು ಉಳಿಯುತ್ತದೆಂದು ಸಿರುಗುಪ್ಪದಲ್ಲಿ ಟ್ಯಾಂಕ್ ತುಂಬಿಸಿದರೂ, ಆದೋನಿಯಲ್ಲಿ ತುಂಬಿಸಿದರೂ ಈಗ ಸಿಗುವುದು ಶೇ. 20 ಎಥೆನಾಲ್ ಬೆರೆತ ಪೆಟ್ರೋಲೇ. ಹಳೆ ಕಾರುಗಳಲ್ಲಿ ಇದರಿಂದ ಮೈಲೇಜ್ ಶೇ. 6-7 ಕಡಿಮೆಯಾಗಬಹುದು ಎಂದು ನೀತಿ ಆಯೋಗದ ವರದಿಯೇ ಅಂದಾಜಿಸಿತ್ತು. ಹಳೆ ರಬ್ಬರ್ ಪೈಪು, ಕಾರ್ಬುರೇಟರ್ ಗ್ಯಾಸ್ಕೆಟ್ ಬೇಗ ಹಾಳಾಗುತ್ತವೆ. ಗಾಡಿ ಈಚೆಗೆ ಸಪ್ಪೆಯಾಗಿದೆ ಅನ್ನಿಸಿದರೆ ಪೆಟ್ರೋಲ್ ಪೈಪು ಮತ್ತು ಕಾರ್ಬುರೇಟರನ್ನೂ ಒಮ್ಮೆ ತೋರಿಸಿ.

ಕೊನೆಗೆ ಏನು ಮಾಡಬೇಕು?

1. ಏರ್ ಫಿಲ್ಟರ್, ಪ್ಲಗ್, ಟೈಮಿಂಗ್, ವಾಲ್ವ್ ಸಂದು, ಕಾರ್ಬುರೇಟರ್, ಟೈರ್ ಗಾಳಿ ಸರಿಪಡಿಸಿ. ಬ್ರೇಕ್ ಹಿಡಿಯುತ್ತಿದೆಯೇ, ಕ್ಲಚ್ ಜಾರುತ್ತಿದೆಯೇ ನೋಡಿ. ಅನೇಕ ಗಾಡಿಗಳು ಇಷ್ಟಕ್ಕೇ ಎಚ್ಚರವಾಗುತ್ತವೆ.

2. ಆಮೇಲೂ ಎಳೆಯದಿದ್ದರೆ ಕಂಪ್ರೆಷನ್ ಪರೀಕ್ಷೆ ಮಾಡಿಸಿ, ಅಂಕಿಗಳನ್ನು ಕಾಗದದಲ್ಲಿ ಬರೆಸಿಕೊಳ್ಳಿ.

3. ಎಂಜಿನ್ ಸವೆದಿದ್ದರೆ ರಿಂಗ್, ವಾಲ್ವ್, ಬೇಕಾದರೆ ರೀಬೋರ್ ಮಾಡಿಸಿ. ಅದಕ್ಕೂ ಮೊದಲು ತಳದ ತುಕ್ಕು ನೋಡಿ. ಬಾಡಿ ಕೊಳೆತಿದ್ದರೆ ಎಂಜಿನ್ನಿಗೆ ಹಾಕಿದ ಹಣ ನೀರಿನಲ್ಲಿ ಹೋಮ.

4. ಎಲ್ಲ ಸರಿಯಿದ್ದೂ ಗಾಡಿ ಸಾಲದು ಅನ್ನಿಸಿದರೆ, ಗಾಡಿಯಲ್ಲಿ ದೋಷವಿಲ್ಲ, ನಿಮ್ಮ ಅಗತ್ಯ ದೊಡ್ಡದಾಗಿದೆ. ಆಗ ದೊಡ್ಡ ಎಂಜಿನ್ನಿನ ಹಣಕ್ಕೆ ಹಳೆ ಕಾರು ಮಾರಿದ ಹಣ ಸೇರಿಸಿ, ದಾಖಲೆ ಸರಿಯಿರುವ ಇನ್ನೊಂದು ಕಾರು ನೋಡಿ. ಅದಕ್ಕೆ ತಕ್ಕ ಗೇರ್‌ಬಾಕ್ಸ್, ತಕ್ಕ ಬ್ರೇಕ್ ಕಂಪನಿಯಿಂದಲೇ ಬಂದಿರುತ್ತದೆ.

ಹಳೆ ಗಾಡಿಗೆ ಅದರದೇ ಶಕ್ತಿ ವಾಪಸ್ ಕೊಡಿಸುವುದು ಒಳ್ಳೆಯ ಖರ್ಚು. ಅದಕ್ಕೆ ಇಲ್ಲದ ಶಕ್ತಿಯನ್ನು ಕಟ್ಟಲು ಹೋದರೆ ಹಣ ಹೋಗುವುದು ಒಂದು ಕಡೆಯಾದರೆ, ಹಿಂದಿನ ಸೀಟಿನಲ್ಲಿ ಕೂತ ಮಕ್ಕಳ ಸುರಕ್ಷತೆಯನ್ನೂ ಪಣಕ್ಕಿಟ್ಟಂತಾಗುತ್ತದೆ.