ಕೆರೆಯ ಹೂಳಲ್ಲಿ ‘ಹೊಸ ಬ್ಯಾಕ್ಟೀರಿಯಾ’ ಸಿಕ್ಕಿದರೆ ಹೆದರಬೇಕೇ?

‘ಕೆರೆಯಲ್ಲಿ ಹೊಸ ಬ್ಯಾಕ್ಟೀರಿಯಾ ಪತ್ತೆ, ಎಚ್ಚರ!’ ಎಂಬಂಥ ಸಂದೇಶ ನಿಮ್ಮ ಗ್ರೂಪಿಗೂ ಬಂದಿರಬಹುದು. ಇಲ್ಲಿ ‘ಹೊಸದು’ ಎಂದರೆ ನಿನ್ನೆ ಹುಟ್ಟಿದ್ದಲ್ಲ, ವಿಜ್ಞಾನದ ಪಟ್ಟಿಗೆ ಹೊಸದು, ಅಷ್ಟೆ. ರೋಗ ತರುತ್ತದೆ ಎಂಬ ಅರ್ಥವೂ ಅದಕ್ಕಿಲ್ಲ.

ಕೊಡಗಿನ ಅಮ್ಮತ್ತಿಯ ಕಾಫಿ ತೋಟದ ಕೆರೆಯಿಂದ ನಾವು ಒಂದು ಚಮಚ ಹೂಳು ತೆಗೆದೆವು ಎಂದುಕೊಳ್ಳಿ. ಅದರಲ್ಲಿ ಕೋಟ್ಯಂತರ ಬ್ಯಾಕ್ಟೀರಿಯಾಗಳಿರುತ್ತವೆ. ಹೆಚ್ಚಿನವು ಲ್ಯಾಬಿನಲ್ಲಿ ಬೆಳೆಯುವುದೇ ಇಲ್ಲ. ಬೆಳೆದದ್ದು ಯಾವುದೆಂದು ಮೈಕ್ರೋಸ್ಕೋಪಿನ ಫೋಟೊ ನೋಡಿ ಹೇಳಲಾಗದು. ನೂರಾರು ಪ್ರಭೇದಗಳು ಒಂದೇ ಥರದ ಕಡ್ಡಿಗಳಂತೆ ಕಾಣುತ್ತವೆ. ಹಾಗಾಗಿ ಅದರ ‘16ಎಸ್’ ಎಂಬ ಜೀನನ್ನು ಈಗಾಗಲೇ ಹೆಸರಿರುವ ಬ್ಯಾಕ್ಟೀರಿಯಾಗಳ ಜೀನಿನ ಜೊತೆ ಹೋಲಿಸುತ್ತಾರೆ. ಹೋಲಿಕೆ ಸುಮಾರು 98.7%ಗಿಂತ ಕಡಿಮೆಯಿದ್ದರೆ ಅದು ಹೊಸ ಪ್ರಭೇದವಿರಬಹುದು.

ಹೆಚ್ಚಿದ್ದರೆ? ಆಗಲೂ ಹಳೆಯದೆಂದು ತೀರ್ಮಾನಿಸುವಂತಿಲ್ಲ. ದನಗಳಿಗೆ ನೆರಡಿ ರೋಗ ತರುವ ಬ್ಯಾಸಿಲಸ್ ಆಂಥ್ರಾಸಿಸ್‌ನಲ್ಲೂ ತಂಗಳನ್ನ ತಿಂದವರಿಗೆ ವಾಂತಿ ತರಿಸುವ ಬ್ಯಾಸಿಲಸ್ ಸೀರಿಯಸ್‌ನಲ್ಲೂ ಈ ಜೀನ್ ಹೆಚ್ಚುಕಡಿಮೆ ಒಂದೇ! ಆದ್ದರಿಂದ ಇಡೀ ಜೀನೋಮನ್ನೇ ಹೋಲಿಸಬೇಕು. ಅಲ್ಲಿ ಗಡಿ 95-96%. ಆಮೇಲೆ ಜೀವಂತ ಮಾದರಿಯನ್ನು ಎರಡು ಬೇರೆ ದೇಶಗಳ ಸಂಗ್ರಹಾಲಯಗಳಲ್ಲಿ ಇಡಬೇಕು (ಪುಣೆಯಲ್ಲಿ ಅಂಥದ್ದೊಂದಿದೆ), ವಿವರ ಪ್ರಕಟಿಸಬೇಕು. ಹೆಸರು ಅಧಿಕೃತವಾಗುವುದು ಆಗಲೇ.

ಆ ಹೆಸರೂ ಶಾಶ್ವತವಲ್ಲ. 2005ರಲ್ಲಿ ಇಸ್ರೊ ಪ್ರಯೋಗದ ಬಲೂನು 20ರಿಂದ 41 ಕಿ.ಮೀ. ಎತ್ತರದಲ್ಲಿ ಗಾಳಿ ಸಂಗ್ರಹಿಸಿತು. ಅದರಲ್ಲಿ ಸಿಕ್ಕ ಒಂದಕ್ಕೆ 2009ರಲ್ಲಿ ಆರ್ಯಭಟನ ಹೆಸರಿಂದ ‘ಬ್ಯಾಸಿಲಸ್ ಆರ್ಯಭಟ್ಟೈ’ ಎಂದರು. 2020ರಲ್ಲಿ ಅದನ್ನು ‘ಪ್ರೀಸ್ಟಿಯಾ’ ಎಂಬ ಬೇರೆ ಕುಲಕ್ಕೆ ಸೇರಿಸಲಾಯಿತು. ಅಷ್ಟರಲ್ಲಿ ಆ ಪ್ರಭೇದ ಚಹಾ ಗಿಡದ ಬೇರಿನ ಮಣ್ಣಲ್ಲೂ ಸಿಕ್ಕಿತ್ತು.