ಲೋಮಚಲನವೈಕಲ್ಯವೂ ನಾಸಿಕವಾಯು ಪರೀಕ್ಷೆಯೂ

ಮೂಗಿನಿಂದ ಶ್ವಾಸನಾಳದ ಕಿರುಕವಲುಗಳವರೆಗೆ ಹರಡಿರುವ ಒಳಪೊರೆಯ ಮೇಲೆ ಬರಿಗಣ್ಣಿಗೆ ಕಾಣದ ಅಸಂಖ್ಯ ರೋಮಗಳುಂಟು. ಪಾಶ್ಚಾತ್ಯ ವೈದ್ಯರು ಇವನ್ನು ಸೀಲಿಯಾ ಎನ್ನುವರು, ಕನ್ನಡದಲ್ಲಿ ಲೋಮಗಳೆನ್ನಬಹುದು. ಗಾಳಿಗೆ ತೂಗುವ ಪೈರಿನಂತೆ ಇವು ಒಂದೇ ಲಯದಲ್ಲಿ ಬಾಗಿ ಏಳುತ್ತ, ಧೂಳನ್ನೂ ರೋಗಾಣುಗಳನ್ನೂ ಹಿಡಿದಿಟ್ಟ ಶ್ಲೇಷ್ಮವನ್ನು ಗಂಟಲಿನ ಕಡೆಗೆ ಸಾಗಿಸುವುವು. ಹುಟ್ಟಿನಿಂದಲೇ ಈ ಚಲನವು ಇಲ್ಲದಿದ್ದರೆ, ಅಥವಾ ಕ್ರಮಗೆಟ್ಟಿದ್ದರೆ, ಉಂಟಾಗುವ ವ್ಯಾಧಿಗೆ ಪ್ರೈಮರಿ ಸಿಲಿಯರಿ ಡಿಸ್ಕೈನೀಸಿಯ ಎಂದು ಹೆಸರು.

ಈ ರೋಗದ ಲಕ್ಷಣಗಳು ಬೇರೆ ಬೇರೆಯಾಗಿ ನೋಡಿದರೆ ಅತಿಸಾಮಾನ್ಯವಾದುವು. ತಿಂಗಳು ತುಂಬಿ ಹುಟ್ಟಿದ ಶಿಶುವಿಗೂ ಮೊದಲ ದಿನಗಳಲ್ಲಿಯೇ ಉಸಿರಾಟದ ಕಷ್ಟ. ಅನಂತರ ವರ್ಷವೆಲ್ಲ ಬಿಡದ ನೆಗಡಿ, ಕಫದ ಕೆಮ್ಮು, ಕಿವಿಯಲ್ಲಿ ನೀರು ತುಂಬಿ ಕೇಳ್ಮೆ ಕುಂದುವುದು. ಆದುದರಿಂದ ಮಗುವಿನದು ಶೀತಪ್ರಕೃತಿ ಎಂದೋ, ಉಬ್ಬಸವೆಂದೋ ವರ್ಷಗಳು ಕಳೆದುಹೋಗುವುದುಂಟು. ಅಷ್ಟರಲ್ಲಿ ಶ್ವಾಸನಾಳಗಳು ಹಿಗ್ಗಿ ಕೆಟ್ಟು, ಮತ್ತೆ ಸರಿಯಾಗದ ಸ್ಥಿತಿಯನ್ನು ಮುಟ್ಟಬಹುದು. ರೋಗವನ್ನು ಬೇಗ ಗುರುತಿಸುವುದರ ಮಹತ್ತ್ವವು ಇಲ್ಲಿಯೇ ಇರುವುದು.

1904ರಲ್ಲಿ ಕೀವ್ ನಗರದ ಸೀವರ್ಟನೂ, 1933ರಲ್ಲಿ ಜ್ಯೂರಿಕ್ಕಿನ ಕಾರ್ಟಗೆನರನೂ ಒಂದು ವಿಚಿತ್ರವನ್ನು ವರ್ಣಿಸಿದರು: ಇಂತಹ ಕೆಲವರ ಶರೀರದಲ್ಲಿ ಹೃದಯವು ಬಲಕ್ಕೂ ಯಕೃತ್ತು ಎಡಕ್ಕೂ ಇದ್ದಿತು. ಗರ್ಭಸ್ಥ ಪಿಂಡದಲ್ಲಿ ಎಡಬಲಗಳನ್ನು ನಿರ್ಣಯಿಸುವುದೂ ಲೋಮಗಳೇ. ಅವು ಚಲಿಸದಿದ್ದರೆ ಆ ನಿರ್ಣಯವು ಕೇವಲ ಆಕಸ್ಮಿಕವಾಗುವುದು. ಆದುದರಿಂದಲೇ ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಅಂಗಗಳು ತಿರುಗುಮುರುಗಾಗಿರುವುವು. 1976ರಲ್ಲಿ ಸ್ವೀಡನ್ ದೇಶದ ಆಫ್‌ಜೀಲಿಯಸ್ ಎಂಬ ವಿಜ್ಞಾನಿಯು, ಲೋಮವನ್ನು ಅಲುಗಿಸುವ ಡೈನೀನ್ ಎಂಬ ಸೂಕ್ಷ್ಮ ತೋಳುಗಳು ಇಂತಹವರಲ್ಲಿ ಇಲ್ಲವೆಂದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ತೋರಿಸಿದನು.

ಅಂದಿನಿಂದ ಮೂಗಿನ ಒಳಪೊರೆಯನ್ನು ಕೆರೆದು ತೆಗೆದು ಪರೀಕ್ಷಿಸುವುದೇ ಮುಖ್ಯ ವಿಧಾನವಾಯಿತು. ಆದರೆ ಅದಕ್ಕೆ ಬೆಲೆಬಾಳುವ ಯಂತ್ರವೂ ನಿಪುಣರ ಕಣ್ಣೂ ಬೇಕು. ಅಲ್ಲದೆ ರೋಗಿಗಳಲ್ಲಿ 100ಕ್ಕೆ ಸುಮಾರು 30 ಮಂದಿಯ ಲೋಮಗಳು ರಚನೆಯಲ್ಲಿ ನಿರ್ದುಷ್ಟವಾಗಿಯೇ ಕಾಣುವುವು.

ಹೀಗಿರಲು, 1994ರಲ್ಲಿ ಸ್ಟಾಕ್‌ಹೋಮಿನ ಲುಂಡ್‌ಬರ್ಗ್ ಮತ್ತು ಸಂಗಡಿಗರು ಒಂದು ಹೊಸ ಸಂಗತಿಯನ್ನು ಕಂಡರು. ಆರೋಗ್ಯವಂತರ ಮೂಗಿನ ಗಾಳಿಯಲ್ಲಿ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವು ಹೇರಳವಾಗಿರುವುದು. ಕಾರ್ಟಗೆನರನ ಲಕ್ಷಣಗಳಿದ್ದ ಮಕ್ಕಳಲ್ಲಿ ಅದು ಇಲ್ಲವೆನ್ನುವಷ್ಟು ಅಲ್ಪವಾಗಿದ್ದಿತು. ಈ ಅನಿಲವು ವಿಶೇಷವಾಗಿ ಮುಖದ ಎಲುಬುಗಳಲ್ಲಿರುವ ಸೈನಸ್ ಎಂಬ ಪೊಳ್ಳುಗಳಲ್ಲಿ ಉತ್ಪನ್ನವಾಗುವುದು. ರೋಗಿಗಳಲ್ಲಿ ಅದು ಕುಗ್ಗುವುದೇಕೆಂಬುದಕ್ಕೆ ಸರ್ವಸಮ್ಮತವಾದ ಸಮಾಧಾನವು ಇನ್ನೂ ದೊರೆತಿಲ್ಲ. ಆದರೂ ಕುಗ್ಗುವುದೆಂಬುದು ನಿಶ್ಚಿತ.

ಪರೀಕ್ಷೆಯ ಕ್ರಮವಿದು. ಒಂದು ಮೂಗಿನ ಹೊಳ್ಳೆಗೆ ಮೆತ್ತನೆಯ ನಳಿಗೆಯನ್ನಿಟ್ಟು ಗಾಳಿಯನ್ನು ಸಮವೇಗದಿಂದ ಹೀರುವರು. ಮಗುವು ಆ ಹೊತ್ತಿನಲ್ಲಿ ತಡೆಯುಳ್ಳ ಕೊಳವೆಯೊಂದರೊಳಕ್ಕೆ ಬಾಯಿಂದ ಊದುತ್ತಿರಬೇಕು. ಅದರಿಂದ ಕಿರುನಾಲಗೆಯ ಭಾಗವು ಮೇಲೆದ್ದು ಮುಚ್ಚಿಕೊಂಡು, ಪುಪ್ಫುಸದ ಗಾಳಿಯು ಮೂಗಿನ ಗಾಳಿಯೊಡನೆ ಬೆರೆಯದು. ಸೂಜಿಯಿಲ್ಲ, ರಕ್ತವಿಲ್ಲ, ನೋವಿಲ್ಲ. ನಿಮಿಷಕ್ಕೆ 0.3 ಲೀಟರಿನಂತೆ ಹೀರಿದ ಗಾಳಿಯಲ್ಲಿ 100 ಕೋಟಿ ಪಾಲಿಗೆ 1000 ಪಾಲು ಈ ಅನಿಲವಿದ್ದರೆ, ನಿಮಿಷಕ್ಕೆ 300 ನ್ಯಾನೋಲೀಟರ್ ಆಯಿತು. 80 ಪಾಲು ಮಾತ್ರವಿದ್ದರೆ 24. ಸಾಮಾನ್ಯವಾಗಿ 77 ನ್ಯಾನೋಲೀಟರನ್ನು ಗಡಿಯೆಂದು ಎಣಿಸುವರು. 5 ವರ್ಷ ತುಂಬಿ, ಊದುವುದಕ್ಕೆ ಶಕ್ತರಾದವರಲ್ಲಿ ಈ ಪರೀಕ್ಷೆಯನ್ನು ಬಳಸಬಹುದೆಂದು ಅಮೆರಿಕದ ಥೊರಾಸಿಕ್ ಸೊಸೈಟಿಯು 2018ರಲ್ಲಿ ಅಂಗೀಕರಿಸಿತು.

ಆದರೆ ಅಂಕಿಯೊಂದನ್ನೇ ನಂಬುವುದು ಪ್ರಮಾದಕರ. ಹೊಸ ನೆಗಡಿಯಿಂದಲೂ, ಸಿಸ್ಟಿಕ್ ಫೈಬ್ರೋಸಿಸ್ ಎಂಬ ಇನ್ನೊಂದು ಆನುವಂಶಿಕ ರೋಗದಿಂದಲೂ ಈ ಪ್ರಮಾಣವು ತಗ್ಗಬಹುದು. ಆದುದರಿಂದ ಆ ರೋಗವಿಲ್ಲವೆಂದು ಖಚಿತಪಡಿಸಿಕೊಂಡು, ಮಗುವು ಸ್ವಸ್ಥವಾಗಿರುವಾಗ ಬೇರೊಂದು ದಿನ ಪರೀಕ್ಷೆಯನ್ನು ಪುನಃ ಮಾಡತಕ್ಕದ್ದು. ಇದಕ್ಕೆ ವಿರುದ್ಧವಾಗಿ, ಆರ್‌ಎಸ್‌ಪಿಎಚ್‌1 ಮೊದಲಾದ ಕೆಲವು ಜೀನುಗಳ ದೋಷವಿದ್ದವರಲ್ಲಿ ಪ್ರಮಾಣವು ಗಡಿಯನ್ನು ಮೀರಿರಬಹುದು. ಲಕ್ಷಣಗಳು ಸ್ಪಷ್ಟವಾಗಿದ್ದರೆ ಅಂತಹವರನ್ನು ನಿರೋಗಿಗಳೆಂದು ಕಳುಹಿಸಬಾರದು. ಈವರೆಗೆ ಈ ರೋಗಕ್ಕೆ ಸಂಬಂಧಿಸಿದ 50ಕ್ಕೂ ಮೇಲ್ಪಟ್ಟು ಜೀನುಗಳು ತಿಳಿದಿರುವುವು.

ಈ ದೋಷವು ಬಹುಮಟ್ಟಿಗೆ ತಂದೆತಾಯಿಗಳಿಬ್ಬರಿಂದಲೂ ಬಂದಾಗ ಮಾತ್ರ ರೋಗವಾಗಿ ತೋರುವುದು. ಇಬ್ಬರೂ ವಾಹಕರಾಗಿದ್ದರೆ ಪ್ರತಿಯೊಂದು ಗರ್ಭದಲ್ಲಿಯೂ ಸಂಭವವು 4ರಲ್ಲಿ 1. ಸೋದರಮಾವನನ್ನೋ ಅತ್ತೆಯ ಮಗನನ್ನೋ ವರಿಸುವ ಸಂಪ್ರದಾಯವುಳ್ಳ ಕರ್ಣಾಟಕಾದಿ ದಕ್ಷಿಣ ಪ್ರಾಂತಗಳಲ್ಲಿ ಇದು ಉಪೇಕ್ಷಿಸತಕ್ಕ ಮಾತಲ್ಲ. ಒಂದೇ ಮನೆತನದಲ್ಲಿ ಇಳಿದುಬಂದ ದೋಷವು ಎರಡು ಕಡೆಯಿಂದಲೂ ಮಗುವಿಗೆ ಒದಗುವ ಸಂಭವವು ಅಲ್ಲಿ ಹೆಚ್ಚು.

ಲೋಮಗಳಿಗೆ ಚಲನವನ್ನು ಮರಳಿ ಕೊಡುವ ಸಿದ್ಧೌಷಧವು ಇನ್ನೂ ಇಲ್ಲ. ಆದರೆ ಪ್ರತಿದಿನವೂ ಕಫವನ್ನು ಹೊರಡಿಸುವ ಅಭ್ಯಾಸ, ಸೋಂಕಿಗೆ ತಕ್ಕ ಕಾಲದಲ್ಲಿ ಔಷಧ, ಕೇಳ್ಮೆಯ ರಕ್ಷಣೆ ಇವುಗಳಿಂದ ಪುಪ್ಫುಸವನ್ನು ಬಹುಕಾಲ ಕಾಪಾಡಬಹುದು. ನಾಸಿಕವಾಯು ಪರೀಕ್ಷೆಯು ತಾನೇ ತೀರ್ಪಲ್ಲ. ಸಾವಿರಾರು ನೆಗಡಿಯ ಮಕ್ಕಳ ನಡುವೆ ಯಾರನ್ನು ಮುಂದಿನ ಪರೀಕ್ಷೆಗಳಿಗೆ ಕಳುಹಿಸಬೇಕೆಂಬುದನ್ನು ನೋವಿಲ್ಲದೆ ತೋರಿಸುವುದೇ ಅದರ ಪ್ರಯೋಜನವು.